ನಲವತ್ತಕ್ಕೆ ನಲವತ್ತು ಅಂಕ ಪಡೆದ ಒಂದು ಕಿವಿಯ ಕುದುರೆಗೆ

ಬೈಲಹೊಂಗಲ,
ಫೆಬ್ರುವರಿ ೧೯೯೯

ಇವರಿಗೆ:
ಶ್ರೀಯುತ ಕಟ್ಟಿಗೆ ಕುದುರೆಯವರು (ಎಡಗಿವಿ ಇಲ್ಲದವರು),
ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಸಂಚಾರದಲ್ಲಿರುವವರು.

ವಿಷಯ: ತಾವು ಎಲ್ಲ ಕಡೆಯೂ ನನಗಿಂತ ಮೊದಲೇ ತಲುಪಿದ್ದರ ಬಗ್ಗೆ.

ಮಾನ್ಯರೇ,

ತಮ್ಮ ಪಾದಗಳಿಗೆ, ಅಂದರೆ ಪಾದಗಳಿರಬೇಕಾದ ಜಾಗದಲ್ಲಿ ಬಡಿಗರು ಜೋಡಿಸಿದ ಎರಡು ಬಾಗಿದ ಪಟ್ಟಿಗಳಿಗೆ, ಅನಂತ ನಮಸ್ಕಾರಗಳು. ತಮ್ಮ ಸಣಬಿನ ಜೂಲು ಸೊಂಪಾಗಿದೆ, ಬೆನ್ನಿನ ಮೊಳೆ ಯಾವುದೂ ಮೇಲೆದ್ದಿಲ್ಲ, ಉಳಿದಿರುವ ಬಲಗಿವಿ ಸುರಕ್ಷಿತವಾಗಿದೆ ಎಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ. ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ತಾವು ಒಂದು ಊರಿನಲ್ಲಿ ಒಂದು ದಿನಕ್ಕಿಂತ ಹೆಚ್ಚು ನಿಲ್ಲುವವರಲ್ಲವೆಂದು ಅನುಭವದಿಂದ ತಿಳಿದ ಮೇಲೆ ಅಂಚೆಯವರನ್ನು ತಮ್ಮ ಹಿಂದೆ ಓಡಿಸುವುದು ಸರಿಯೆನಿಸಲಿಲ್ಲ.

ನನ್ನ ಪರಿಚಯ ತಮಗಿದೆ. ಒಂದೇ ವಾರದಲ್ಲಿ ನಾಲ್ಕು ಸಲ ತಮ್ಮ ತಲೆ ಸವರಿ, ನಾಲ್ಕು ಸಲವೂ ತಮ್ಮನ್ನು ಹೊಸಬರೆಂದು ತಿಳಿದ ಹೆಂಗಸು ನಾನೇ. ಓದುಗರ ಸಲುವಾಗಿ ಹೇಳುವುದಾದರೆ, ಈ ಸೀಮೆಯ ಬಾಲವಾಡಿಗಳನ್ನು ಸುಧಾರಿಸಲು ದೂರದ ಒಂದು ನಿಧಿಯವರು ಕೊಡುವ ಅನುದಾನಕ್ಕೆ ಬಂದ ಅರ್ಜಿಗಳನ್ನು ಪರಿಶೀಲಿಸುವ ಸಮಿತಿಯೊಂದಿದೆ. ಅದರಲ್ಲಿ ಐದು ಮಂದಿ ಸದಸ್ಯರು, ಒಂದು ಜೀಪು ಮತ್ತು ನೂರು ಅಂಕಗಳ ಒಂದು ನಮೂನೆ ಇವೆ. ಅರವತ್ತು ಅಂಕ ಬಂದವರಿಗೆ ಅನುದಾನ, ಬಾರದವರಿಗೆ ವಿಷಾದಪತ್ರ. ಕೊನೆಯ ಸುತ್ತಿಗೆ ಬಂದ ಐದು ಬಾಲವಾಡಿಗಳನ್ನು ಕಣ್ಣಾರೆ ನೋಡಿ ನಮೂನೆ ತುಂಬುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಆ ನಮೂನೆಯ ಏಳನೆಯ ಕಲಮಿನಲ್ಲಿ 'ಆಟದ ಸಾಮಾನು' ಎಂದಿದ್ದು ಅದಕ್ಕೆ ಹತ್ತು ಅಂಕಗಳಿವೆ. ನಾನು ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ನನ್ನ ಮೊಟ್ಟಮೊದಲ ಪುಸ್ತಕದಲ್ಲಿ ತಮ್ಮಂಥದೇ ತೂಗುವ ಕುದುರೆಯ ಚಿತ್ರವಿತ್ತು, ಅಂಥ ಕುದುರೆ ನಮ್ಮ ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಇರಲಿಲ್ಲ. ಆದ್ದರಿಂದ ಸೋಮವಾರ ಕಿತ್ತೂರಿನ ಹತ್ತಿರದ ಹಳ್ಳಿಯ ಬಾಲವಾಡಿಯ ಬಾಗಿಲಲ್ಲಿ ಕೆಂಪು ಬಣ್ಣದ ತಾವು ಗಂಭೀರವಾಗಿ ನಿಂತಿದ್ದನ್ನು ಕಂಡಾಗ, ಕುದುರೆ ಇದ್ದ ಮೇಲೆ ಶಿಕ್ಷಣವೂ ಇರಲೇಬೇಕೆಂದು ಮನಸ್ಸು ತಾನಾಗಿ ಒಪ್ಪಿಕೊಂಡು ಹತ್ತಕ್ಕೆ ಹತ್ತು ಕೊಟ್ಟಿತು.

ಮಂಗಳವಾರ ಬೈಲಹೊಂಗಲದ ಆಚೆಯ ಹಳ್ಳಿಯಲ್ಲಿ ಮತ್ತೆ ಕೆಂಪು ಕುದುರೆ, ಮತ್ತೆ ಎಡಗಿವಿ ಇಲ್ಲ. ನನಗೆ ಸಂಶಯ ಬರಲಿಲ್ಲವೆಂದಲ್ಲ. ಬಂದ ಸಂಶಯವನ್ನು ನಾನು ವಿದ್ಯಾವಂತರ ರೀತಿಯಲ್ಲಿ ಪರಿಹರಿಸಿಕೊಂಡೆ. "ಇಲ್ಲಿಯ ಕುದುರೆಗಳಿಗೆಲ್ಲ ಒಂದೇ ಕಿವಿಯೇ?" ಎಂದು ಅಲ್ಲಿಯ ಅಕ್ಕೋರನ್ನು, ಅಂದರೆ ಶಿಕ್ಷಕಿಯನ್ನು, ಕೇಳಿದಾಗ ಅವರು ಕಣ್ಣು ಮಿಟುಕಿಸದೆ, "ನಮ್ಮ ಕಡೆ ಕುದುರಿ ಹಿಂಗ ಇರತಾವ್ರಿ ಬಾಯಾರ" ಎಂದರು. ನಾನು ತಲೆದೂಗಿ, 'ಎಡಗಿವಿಯನ್ನು ಬಿಡುವುದು ಈ ಭಾಗದ ಬಡಿಗತನದ ವೈಶಿಷ್ಟ್ಯ' ಎಂದು ಟಿಪ್ಪಣಿ ಬರೆದು, ಅದರ ಕೆಳಗೆ ಎರಡು ಗೆರೆಯನ್ನೂ ಎಳೆದೆ.

ಬುಧವಾರ ಮುನವಳ್ಳಿಯಲ್ಲಿ ತಾವು ನೀಲಿಯಾಗಿದ್ದಿರಿ. ಈ ವೇಷಾಂತರದ ಹಿಂದಿನ ಕಲಾವಂತಿಕೆಯನ್ನು ಮೆಚ್ಚುತ್ತೇನೆ, ಆದರೆ ಬಣ್ಣ ಒಣಗಲು ಒಂದು ರಾತ್ರಿ ಸಾಲದೆಂದು ಯಾರಾದರೂ ತಮ್ಮ ಕಿವಿಯಲ್ಲಿ, ಇದ್ದ ಕಿವಿಯಲ್ಲಿಯೇ, ಹೇಳಬಹುದಿತ್ತು. ತಮ್ಮ ಮೇಲೆ ಕೂತು ಇಳಿದ ಮಕ್ಕಳ ಚಡ್ಡಿಗಳೆಲ್ಲ ನೀಲಿ, ನನ್ನ ಸೀರೆಯ ನಿರಿಗೆ ನೀಲಿ, ಹತ್ತಕ್ಕೆ ಹತ್ತು ಎಂದು ಬರೆದ ಹಾಳೆಯ ಮೇಲೆ ನನ್ನ ಹೆಬ್ಬೆರಳಿನ ಗುರುತೂ ನೀಲಿ. ಗುರುವಾರ ಕಟಕೋಳದಲ್ಲಿ ತಾವು ಅರ್ಧ ಕೆಂಪು, ಅರ್ಧ ನೀಲಿಯಾಗಿದ್ದು, ಹಣೆಗೆ ಯಾರೋ ಕುಂಕುಮ ಹಚ್ಚಿದ್ದರು. ಮುಟ್ಟಬೇಡಿ ಎಂದು ತಾಕೀತು ಮಾಡಿದ್ದರಿಂದಲೋ ಏನೋ, ಅಲ್ಲಿಯ ಮಕ್ಕಳು ತಮ್ಮ ಎದುರು ಸಾಲಾಗಿ ನಿಂತು ಕೈಮುಗಿದವು. ತಮ್ಮ ಜೂಲಿನಲ್ಲಿ ಬಸ್ಸಿನ ಅರ್ಧ ಟಿಕೆಟೊಂದು ಸಿಕ್ಕಿಕೊಂಡಿತ್ತು. ಅದನ್ನು ನಾನು ಓದಿದೆ. ಮುನವಳ್ಳಿಯಿಂದ ಕಟಕೋಳ ಎಂದಿತ್ತು. ಮಕ್ಕಳಿಗೆ ಪ್ರಯಾಣದ ಪಾಠ ಹೇಳಲು ಅಕ್ಕೋರು ಇಟ್ಟಿರಬೇಕೆಂದು ಮೆಚ್ಚಿ ಹತ್ತು ಅಂಕ ಕೊಟ್ಟೆ. ಮಾನ್ಯರೇ, ನನ್ನ ಪದವಿ ಪ್ರಮಾಣಪತ್ರ ಮನೆಯ ಗೋಡೆಯ ಮೇಲೆ ಇಂದಿಗೂ ಕಟ್ಟು ಹಾಕಿಸಿಕೊಂಡು ನೇತಾಡುತ್ತಿದೆ. ಅದನ್ನು ಇಳಿಸಬೇಕೋ ಬೇಡವೋ ಎಂಬುದನ್ನು ತಮ್ಮ ವಿವೇಚನೆಗೆ ಬಿಡುತ್ತೇನೆ.

ಶುಕ್ರವಾರ ಸುರೇಬಾನ. ಅಲ್ಲಿ ಲಗಮವ್ವ ತನ್ನ ಮನೆಯ ಪಡಸಾಲೆಯಲ್ಲಿ ಮೂವತ್ತೊಂದು ಮಕ್ಕಳನ್ನು ಒಬ್ಬಳೇ ನೋಡಿಕೊಳ್ಳುತ್ತಾಳೆ. ಆಕೆಗೆ ಜ್ವರ ಬಂದ ದಿನ ಬಾಲವಾಡಿ ಇಲ್ಲ, ಮೂವತ್ತೊಂದು ಮಕ್ಕಳೂ ತಾಯಂದಿರ ಹಿಂದೆ ಕಬ್ಬಿನ ಹೊಲಕ್ಕೆ ಹೋಗುತ್ತವೆ. ಆಕೆ ಅರ್ಜಿಯಲ್ಲಿ ಕೇಳಿದ್ದು ಜೊತೆಗೆ ಇನ್ನೊಬ್ಬ ಅಕ್ಕೋರು, ಅಷ್ಟೇ. "ಈ ಸಲ ಆಗಲಿಲ್ಲಂದ್ರ ಯುಗಾದಿಗೆ ಬಂದ್ ಮಾಡತೇನ್ರಿ ಬಾಯಾರ, ಒಬ್ಬಾಕಿ ಕಡೆ ಆಗವಲ್ದು" ಎಂದು ಹೇಳುವಾಗಲೂ ಆಕೆಯ ಸೊಂಟದ ಮೇಲೆ ಒಂದು ಮಗು, ಸೆರಗು ಹಿಡಿದು ಇನ್ನೊಂದು ಮಗು ಇದ್ದವು.

ಅಲ್ಲಿ ಕುದುರೆ ಇರಲಿಲ್ಲ. ಪಡಸಾಲೆಯ ಮಣ್ಣಿನ ನೆಲದಲ್ಲಿ ಉದ್ದಕ್ಕೆ ಎರಡು ಗುಳಿಗಳು ಸವೆದಿದ್ದವು, ಅವುಗಳ ನಡುವೆ ತನ್ನ ಅಜ್ಜಿಯ ಹೆಸರನ್ನು ಹೊತ್ತ ನಾಲ್ಕು ವರ್ಷದ ಶೆಟ್ಟೆವ್ವ ಕೂತು, ಏನೂ ಇಲ್ಲದ್ದರ ಮೇಲೆ ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದಳು. ಆಟದ ಸಾಮಾನು ಎಲ್ಲಿ ಎಂದು ಕೇಳಿದೆ. "ಕುದುರಿ ಊರಿಗೆ ಹೋಗೇತ್ರಿ ಬಾಯಾರ, ಮುಂಜಾನಿ ಬಸ್ಸಿಗೆ ಬರಬೇಕಾಗಿತ್ತು, ಯಾಕ ಬರಲಿಲ್ಲೋ ಏನೋ" ಎಂದಳು ಲಗಮವ್ವ. ಮಕ್ಕಳಿಗೆ ಹೇಳುವ ಕಥೆಯನ್ನೇ ನನಗೂ ಹೇಳುತ್ತಿದ್ದಾಳೆಂದು ತಿಳಿದು, ಕಥೆ ಹೇಳುವ ಕಲಮಿನಲ್ಲಿ ಎರಡು ಅಂಕ ಹೆಚ್ಚಿಗೆ ಕೊಟ್ಟೆ. ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಏಳನೆಯ ಕಲಮಿನಲ್ಲಿ ಸೊನ್ನೆ ಬರೆದು, ಒಟ್ಟು ಕೂಡಿಸಿದರೆ ಐವತ್ತಾರು. ಸಹಿಯನ್ನೂ ಮಾಡಿದೆ. ವಿಷಾದಪತ್ರದ ಒಕ್ಕಣೆ ಆಗಲೇ ಮನಸ್ಸಿನಲ್ಲಿ ಮೂಡತೊಡಗಿತ್ತು. ಅಂಥ ಪತ್ರಗಳನ್ನು ನಾನು ಚೆನ್ನಾಗಿ ಬರೆಯುತ್ತೇನೆಂದು ಸಮಿತಿಯಲ್ಲಿ ಹೆಸರಿದೆ.

ಇನ್ನು ನನ್ನ ದೂರಿನ ಮುಖ್ಯಭಾಗಕ್ಕೆ ಬರುತ್ತೇನೆ. ಸುರೇಬಾನದಿಂದ ಮರಳುವಾಗ ರಾಮದುರ್ಗ ದಾಟಿ ಸ್ವಲ್ಪ ದೂರದಲ್ಲಿ ಜೀಪು ಒಂದು ತಗ್ಗಿಗೆ ಇಳಿದಾಗ ಹಿಂದಿನಿಂದ ಯಾರೋ ನನ್ನ ಬೆನ್ನಿಗೆ ಮೂಗು ತಾಗಿಸಿದರು. ತಿರುಗಿ ನೋಡಿದರೆ, ಸ್ಟೆಪ್ನಿಯ ಪಕ್ಕದಲ್ಲಿ, ಹೊದಿಸಿದ್ದ ತಾಡಪತ್ರಿ ಸರಿದ ಜಾಗದಲ್ಲಿ, ಹಣೆಗೆ ಕುಂಕುಮ ಹಚ್ಚಿಕೊಂಡ ತಾವು. ನಮ್ಮ ಡ್ರೈವರ್ ಉಳವಪ್ಪ ಜೀಪು ನಿಲ್ಲಿಸಿ, ಸ್ಟೇರಿಂಗಿಗೆ ತಲೆಯಾನಿಸಿ ಎಲ್ಲವನ್ನೂ ಒಪ್ಪಿಕೊಂಡರು. ಪ್ರವಾಸದ ದಿನಾಂಕಗಳನ್ನು ನಾವೇ ಐದೂ ಊರುಗಳಿಗೆ ಅಂಚೆಯಲ್ಲಿ ಕಳಿಸಿದ್ದೆವಲ್ಲ, ಅದೇ ತಮ್ಮ ವೇಳಾಪಟ್ಟಿಯಾಗಿತ್ತು. ತಾವು ಸುರೇಬಾನದ ಲಗಮವ್ವನ ಮನೆಯವರು; ಉಳಿದ ನಾಲ್ವರು ಅಕ್ಕೋರು ಕೇಳಿದಾಗ ಆಕೆ ಇಲ್ಲ ಎನ್ನದೆ ಕಳಿಸಿದ್ದಳು, ತನ್ನ ಊರು ಕೊನೆಗಿದೆ, ಅಷ್ಟರಲ್ಲಿ ತಿರುಗಿ ಬರುತ್ತದೆಂಬ ಧೈರ್ಯದಿಂದ. ಶುಕ್ರವಾರ ಕಟಕೋಳದಿಂದ ಬೆಳಗಿನ ಬಸ್ಸು ಬರಲಿಲ್ಲ, ದಾರಿಯಲ್ಲಿ ನಾವು ಅಲ್ಲಿ ಚಹಾಕ್ಕೆ ನಿಂತಾಗ ಅಲ್ಲಿಯ ಕೃಷ್ಣವ್ವ ಅಕ್ಕೋರು ಉಳವಪ್ಪನವರ ಕೈಕಾಲು ಹಿಡಿದು ತಮ್ಮನ್ನು ನಮ್ಮ ಜೀಪಿನಲ್ಲಿಯೇ ಹತ್ತಿಸಿದ್ದರು. ಹಾಗಾದರೆ ಸುರೇಬಾನದಲ್ಲಿ ಇಳಿಸಲಿಲ್ಲವೇಕೆ ಎಂದರೆ ಉಳವಪ್ಪ ಅಳುವ ದನಿಯಲ್ಲಿ, "ಹೆಂಗ ಇಳಸಲಿರಿ ಬಾಯಾರ? ನೀವು ಜೀಪಿನ ಎದುರಿಗೇ ಕುರ್ಚಿ ಹಾಕ್ಕೊಂಡ ಕುಂತ್ರಿ. ಈಗ ಏಳತೀರಿ, ಆಗ ಏಳತೀರಿ ಅಂತ ನೋಡಕೋತ ನಿಂತೆ. ನೀವು ಬರಕೋತನ ಇದ್ರಿ" ಎಂದರು.

ಅಂದರೆ ತಮ್ಮಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಕೂತು, ತಾವು ಇಲ್ಲವೆಂದು ನಾನು ಬರೆದೆ. ತಾವು ತಾಡಪತ್ರಿಯ ಕೆಳಗಿನಿಂದ ಒಮ್ಮೆ ಕೆನೆದಿದ್ದರೆ ಸಾಕಿತ್ತು. ಕಟ್ಟಿಗೆಯವರಿಗೆ ಕೆನೆಯುವುದು ಕಷ್ಟವೆಂದು ಬಲ್ಲೆ, ಆದರೆ ಆ ವಾರ ತಾವು ಮಾಡಿದ ಉಳಿದ ಕೆಲಸಗಳೂ ಅಷ್ಟೇನೂ ಸುಲಭದವಾಗಿರಲಿಲ್ಲ.

ಜೀಪನ್ನು ತಿರುಗಿಸಿದೆವು. ಪಡಸಾಲೆಯ ಆ ಎರಡು ಗುಳಿಗಳಲ್ಲಿ ತಮ್ಮನ್ನು ಇಟ್ಟಾಗ, ಸಿಂಬಿಯ ಮೇಲೆ ಕೊಡ ಕೂತ ಹಾಗೆ ಕೂತಿರಿ. ಆಗ ಎದುರು ಮನೆಯಿಂದ ಓಡಿ ಬಂದ ಶೆಟ್ಟೆವ್ವ ತಮ್ಮ ಕೆನ್ನೆಗೆ ಒಂದು ಬಿಗಿದು, "ಎಲ್ಲಿ ಹೋಗಿದ್ದಿ ಇಷ್ಟ ದಿನಾ? ಹೇಳಿ ಹೋಗಾಕ ಬರಾಂಗಿಲ್ಲನು? ಮಾರಿ ನೋಡ್ಕೊ, ಹೆಂಗ ಮಾಡ್ಕೊಂಡ ಬಂದಿ!" ಎಂದು ಬೈದು, ಮರುಕ್ಷಣವೇ ಏರಿ ಕೂತಿದ್ದು ತಮಗೆ ನೆನಪಿರಬೇಕು. ಎಡಗಿವಿಯನ್ನು ಹಲ್ಲು ಬರುವ ಕಾಲದಲ್ಲಿ ಕಚ್ಚಿ ಕಚ್ಚಿ ಮುಗಿಸಿದವಳೂ ಇವಳೇ ಎಂದು ಲಗಮವ್ವ ಹೇಳಿದಳು. ನನ್ನ ಬಡಿಗತನದ ಟಿಪ್ಪಣಿಯ ಮಾತನ್ನು ನಾನು ಎತ್ತಲಿಲ್ಲ.

ಮತ್ತೆ ಮನೆಗೆ ಮರಳುವ ದಾರಿಯಲ್ಲಿ ಕಟಕೋಳದಲ್ಲಿ ಇಳಿದು ಕೃಷ್ಣವ್ವನವರನ್ನು ಬೈಯಬೇಕೆಂದುಕೊಂಡಿದ್ದೆ, ಇಳಿದೆ ಕೂಡ. ಅವರು ಚಹಾ ಕೊಟ್ಟು, "ಬಾಯಾರ, ಕನ್ಯಾ ನೋಡಾಕ ಬೀಗರು ಬರತಾರಂದ್ರ ಬಾಜೂ ಮನಿಯಿಂದ ಕಪ್ಪು-ಬಸಿ ತರಾಂಗಿಲ್ಲೇನ್ರಿ? ಕಪ್ಪು-ಬಸಿ ಮಂದೀವು ಆದರೂ ಹುಡುಗಿ ನಮ್ಮಾಕಿನ ಇರತಾಳಲ್ರಿ" ಎಂದರು. ಇದಕ್ಕೆ ಉತ್ತರ ನಮೂನೆಯಲ್ಲಿ ಹುಡುಕಿದೆ. ಹುಡುಗಿಯನ್ನು ನೋಡುವ ಕಲಮು ಅದರಲ್ಲಿ ಎಷ್ಟನೆಯದೆಂದು ನನಗೆ ಈಗಲೂ ತಿಳಿದಿಲ್ಲ.

ಸಹಿ ಮಾಡಿದ ನಮೂನೆಯನ್ನು ತಿದ್ದುವಂತಿಲ್ಲವೆಂಬ ನಿಯಮವಿರುವುದರಿಂದ ಸಮಿತಿಯ ಸಭೆಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ನಿವೃತ್ತ ಹೆಡ್‌ಮಾಸ್ತರರಾದ ಅಧ್ಯಕ್ಷ ನಿಜಗುಣಪ್ಪನವರು ನಾಲ್ಕು ನಮೂನೆಗಳ ಏಳನೆಯ ಕಲಮನ್ನು ಕೂಡಿಸಿ ನೋಡಿ, "ಮೂವತ್ತಾರು ವರ್ಷ ಸಾಲಿ ಕಲಿಸೇನ್ರಿ, ನಲವತ್ತಕ್ಕ ನಲವತ್ತ ತಗೊಂಡ ವಿದ್ಯಾರ್ಥಿನ್ನ ಇವತ್ತ ಕಂಡೆ" ಎಂದರು. ಕಾರ್ಯದರ್ಶಿ ಕಾಂತೇಶ ಅವರು ಕೆರಳಿ, ಇದು ಸಮಿತಿಗೆ ಮಾಡಿದ ಮೋಸ, ಬರುವ ಗುರುವಾರ ಬೆಳಿಗ್ಗೆ ಹತ್ತೂವರೆಗೆ ಸರಿಯಾಗಿ ಐವರು ಸದಸ್ಯರು ಐದು ಊರುಗಳಲ್ಲಿ ಒಮ್ಮೆಲೇ ಇಳಿಯಬೇಕು, ಕುದುರೆ ಎಲ್ಲಿದೆಯೋ ಅಲ್ಲಿಗೆ ಮಾತ್ರ ಅಂಕ ಎಂದು ಗೊತ್ತುವಳಿ ಮಾಡಿಸಿದರು. ನಮ್ಮಲ್ಲಿ ಇರುವುದು ಒಂದೇ ಜೀಪಲ್ಲವೇ ಎಂದು ನಾನು ನೆನಪಿಸಿದಾಗ ಅವರು, "ಅದೇನ್ ದೊಡ್ಡ ಮಾತ್ರಿ, ಬಾಜೂ ಆಫೀಸಿನವರ್ನ ಕೇಳಿದ್ರ ಒಂದ ದಿನದ ಮಟ್ಟಿಗೆ ಕೊಡತಾರ" ಎಂದರು.

ಯಾರೂ ನಗಲಿಲ್ಲ. ನಾನು ತಲೆ ತಗ್ಗಿಸಿದೆ, ತಗ್ಗಿಸಿದಾಗ ಕಾಲ ಕೆಳಗಿನ ಜಮಖಾನೆ ಕಂಡಿತು. ಎರಡು ವರ್ಷದ ಹಿಂದೆ ನಿಧಿಯ ಹಿರಿಯರು ನಮ್ಮ ಕಚೇರಿಯನ್ನು ನೋಡಲು ಬಂದಾಗ ಅದು ಪಕ್ಕದ ಸೊಸೈಟಿಯಿಂದ ಬಂದಿತ್ತು. ಮೇಜಿನ ಮೇಲಿನ ಭೂಗೋಳ ನನ್ನ ಮಗಳದ್ದು, ಬಾಗಿಲ ಎರಡು ಹೂಕುಂಡಗಳು ನಮ್ಮ ಅಂಗಳದವು, ನಾನೇ ಆಟೋದಲ್ಲಿ ಮಡಿಲಿಗಿಟ್ಟುಕೊಂಡು ತಂದವು. ಹಿರಿಯರು 'ಉತ್ತಮ ವಾತಾವರಣ' ಎಂದು ಬರೆದು ಹೋದರು. ಮಾನ್ಯರೇ, ಆ ಹೂಕುಂಡಗಳಿಗೂ ತಮಗೂ ಇರುವ ವ್ಯತ್ಯಾಸವನ್ನು ನಾನು ಎರಡು ದಿನ ಯೋಚಿಸಿದೆ. ತಮ್ಮ ಮೇಲೆ ಮಕ್ಕಳು ಕೂತಿದ್ದವು ಎಂಬುದೊಂದೇ ಹೊಳೆಯಿತು.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟು. ಗುರುವಾರ ಬೆಳಿಗ್ಗೆ ಹತ್ತೂವರೆಗೆ ತಾವು ಐದೂ ಊರುಗಳಲ್ಲಿ ಏಕಕಾಲಕ್ಕೆ ಹಾಜರಿರಬೇಕು; ತಮ್ಮ ಈವರೆಗಿನ ಸಾಧನೆಯನ್ನು ನೋಡಿದರೆ ಇದು ತಮಗೆ ಹೆಚ್ಚಿನ ಮಾತಲ್ಲ. ಅದು ಸಾಧ್ಯವಾಗದಿದ್ದಲ್ಲಿ, ಯಾರು ಎಷ್ಟು ಬೇಡಿಕೊಂಡರೂ, ಯಾವ ಬಸ್ಸು ಎಷ್ಟು ಖಾಲಿ ಬಂದರೂ, ಸುರೇಬಾನದ ಆ ಎರಡು ಗುಳಿಗಳನ್ನು ಬಿಟ್ಟು ಕದಲಬಾರದು. ಉಳಿದ ನಾಲ್ವರು ಅಕ್ಕೋರಿಗೂ ನಾನೇ ಹೋಗಿ ಹೇಳಿದ್ದೇನೆ, ಅವರೂ ಒಪ್ಪಿದ್ದಾರೆ. ಇನ್ನು ಮುಂದೆ ಪ್ರವಾಸ ಹೊರಟರೆ ದಯವಿಟ್ಟು ನನ್ನ ಜೀಪಿಗಿಂತ ಅರ್ಧ ಗಂಟೆ ತಡವಾಗಿ ಬನ್ನಿ, ಓದಿದವರ ಮರ್ಯಾದೆ ಸ್ವಲ್ಪವಾದರೂ ಉಳಿಯಲಿ.

ತಮ್ಮ ನಾಲ್ಕು ದರ್ಶನಗಳಿಂದ ಪಾವನಳಾದ,
ತಮ್ಮ ವಿಶ್ವಾಸಿ,
ಭಾಗ್ಯಾ ಹೊಸೂರ

ತಾ.ಕ.: ಪತ್ರ ಅಚ್ಚಿಗೆ ಹೋಗುವುದು ಎರಡು ತಿಂಗಳು ತಡವಾದ್ದರಿಂದ ಮುಂದಿನದನ್ನೂ ಸೇರಿಸುತ್ತಿದ್ದೇನೆ. ಆ ಗುರುವಾರ ತಾವು ಕದಲಲಿಲ್ಲ, ಸುರೇಬಾನಕ್ಕೆ ಅರವತ್ತಾರು ಬಂತು, ಯುಗಾದಿ ಕಳೆದರೂ ಬಾಲವಾಡಿ ನಡೆದಿದೆ, ಲಗಮವ್ವನಿಗೆ ಜೊತೆಗಾತಿಯೂ ಬಂದಿದ್ದಾಳೆ. ಉಳಿದ ನಾಲ್ಕು ಊರುಗಳಿಗೆ ಹತ್ತು ಅಂಕ ಕಳೆದರೂ ದಾಟುವಷ್ಟು ಇತ್ತು. ತಮ್ಮ ಅಗತ್ಯ ಇದ್ದದ್ದು ತಮ್ಮ ಮನೆಗೊಂದಕ್ಕೇ. ಆಟದ ಸಾಮಾನಿಗೆಂದು ಬಂದ ಪಾಲಿನಲ್ಲಿ ಏನು ಬೇಕೆಂದು ಕೇಳಿದ್ದಕ್ಕೆ ಲಗಮವ್ವ 'ನಾಲ್ಕು ಕುದುರಿ' ಎಂದು ಬರೆದುಕೊಟ್ಟು, ತಮ್ಮನ್ನು ಮಾಡಿದ ಬಡಿಗೇರ ಸತ್ಯಪ್ಪನವರಿಂದಲೇ ಮಾಡಿಸಿ ನಾಲ್ಕೂ ಊರಿಗೆ ಕಳಿಸಿದಳು. ಮಕ್ಕಳು ಗುರುತು ಹಿಡಿಯಬೇಕಲ್ಲ ಎಂದು ಸತ್ಯಪ್ಪನವರು ಯಾವುದಕ್ಕೂ ಎಡಗಿವಿ ಇಟ್ಟಿಲ್ಲ. ಹಾಗಾಗಿ ನನ್ನ ಟಿಪ್ಪಣಿ ಈಗ ಸತ್ಯವಾಗಿದೆ. ಇನ್ನೊಂದು ಮಾತು. ಬರುವ ತಿಂಗಳು ನಿಧಿಯ ಹಿರಿಯರು ಮತ್ತೆ ನಮ್ಮ ಕಚೇರಿಗೆ ಬರುತ್ತಾರೆ, ಮಕ್ಕಳ ಕೆಲಸ ಮಾಡುವ ಕಚೇರಿಯಲ್ಲಿ ಒಂದು ದಿನದ ಮಟ್ಟಿಗಾದರೂ ಒಂದು ಕುದುರೆ ಇದ್ದರೆ ಚೆಂದ ಎಂದು ಕಾಂತೇಶ ಅವರು ಹೇಳುತ್ತಿದ್ದಾರೆ. ಲಗಮವ್ವನನ್ನು ಕೇಳಿದರೆ ಆಕೆ ಇಲ್ಲ ಎನ್ನುವವಳಲ್ಲ. ಅದಕ್ಕೇ ನೇರವಾಗಿ ತಮ್ಮನ್ನು ಕೇಳಿಕೊಳ್ಳುತ್ತಿದ್ದೇನೆ: ದಯವಿಟ್ಟು ತಾವಾದರೂ ಇಲ್ಲ ಎನ್ನಿ.