ನಮ್ಮ ಫಿಲೇಚರಿನ ಗೂಢಚಾರ

ಬಿಸಿನೀರಿನಲ್ಲಿ ಕೈ ಅದ್ದಿ ಕೂತವರಿಗೆ ಬಿಡುವಾಗಿರುವುದು ಬಾಯಿ ಒಂದೇ. ಹಾಗಾಗಿ ರಾಮನಗರದ ನಮ್ಮ ಫಿಲೇಚರಿನಲ್ಲಿ, ಅಂದರೆ ರೇಷ್ಮೆಗೂಡಿನಿಂದ ನೂಲು ತೆಗೆಯುವ ಶೆಡ್ಡಿನಲ್ಲಿ, ಏನಾದರೊಂದು ನಡೆಯುತ್ತಲೇ ಇರುತ್ತದೆ. ನಡೆಯದಿದ್ದರೆ ನಾವೇ ನಡೆಸುತ್ತೇವೆ.

ಸ್ಪೀಕರ್ ಬಂದದ್ದು

ಊಟವಾದ ಮೇಲೆ ಹಬೆಗೆ ಕಣ್ಣು ಎಳೆಯುತ್ತವೆ. ಶೆಡ್ಡಿನ ಮಾಲೀಕರಾದ ಸಾಹೇಬರು ಬೈದು ನೋಡಿದರು, ಟೀ ಕೊಡಿಸಿ ನೋಡಿದರು. ಕೊನೆಗೆ ಒಂದು ಸ್ಪೀಕರ್ ತಂದು ಗೋಡೆಗೆ ನೇತುಹಾಕಿ, ತಮ್ಮ ಮೊಬೈಲಿನಲ್ಲಿ ಒಂದು ಸೀರಿಯಲ್ ಹಚ್ಚಿದರು. ಎಲ್ಲಿಯದೋ, ಕನ್ನಡಕ್ಕೆ ಡಬ್ ಆದದ್ದು. ಹಾರುವವರು, ಗೋಡೆ ಒಡೆಯುವವರು, ಅವರ ಮಧ್ಯೆ ಗೂಢಚಾರರು. ಮೊಬೈಲು ಬಾಗಿಲ ಬಳಿ ಸಾಹೇಬರ ಮೇಜಿನ ಮೇಲೆ ಇರುತ್ತಿತ್ತು. ನಮ್ಮ ಪಾಲಿಗೆ ಬರೀ ಸದ್ದು. ಕಣ್ಣು ನೀರಲ್ಲಿ ಕುಣಿಯುವ ಗೂಡಿನ ಮೇಲೇ ಇರಬೇಕಲ್ಲ.

ಅದರಲ್ಲೊಬ್ಬ ಗಡಸು ದನಿಯವನಿದ್ದ. ಸರ್ಕಾರದ ಆಫೀಸಿನಲ್ಲಿ ಅವನನ್ನು ಮೇಜರ್ ಎನ್ನುತ್ತಿದ್ದರು, ವೈರಿಗಳ ಅಡ್ಡೆಯಲ್ಲಿ ಕರಿನರಿ ಎನ್ನುತ್ತಿದ್ದರು. ಗೂಢಚಾರ ಎಂದ ಮೇಲೆ ಎರಡು ಹೆಸರಾದರೂ ಬೇಡವೇ ಎಂದು ನಾವೆಲ್ಲ ಒಪ್ಪಿಕೊಂಡೆವು. ಒಪ್ಪದೆ ಉಳಿದದ್ದು ಅವನು ಯಾರ ಕಡೆಯವನು ಎಂಬ ಒಂದೇ ಮಾತು. ಬೆಳಿಗ್ಗೆ ಬೆಂಕಿಯೊಳಗಿಂದ ಮಕ್ಕಳನ್ನು ಎತ್ತಿಕೊಂಡು ಬರುತ್ತಾನೆ, ಮಧ್ಯಾಹ್ನ ಸೇತುವೆ ಉಡಾಯಿಸುತ್ತಾನೆ.

ನನ್ನ ಪಕ್ಕದ ಬೇಸಿನ್ನಿನ ಮುಂದೆ ಕೂರುವ ಹಿರಿಯಾಕೆಯನ್ನು ಎಲ್ಲರೂ ಆಪಾ ಎನ್ನುತ್ತೇವೆ. ಅವನು ನಮ್ಮವನೇ, ಸುದ್ದಿ ತರಲು ಆ ಕಡೆ ಹೋಗುತ್ತಾನೆ ಎಂದು ಆಪಾ ಹಟ. ಅವನು ಎರಡು ಮನೆಯ ಉಪ್ಪು ತಿನ್ನುವ ದ್ರೋಹಿ ಎಂದು ನನ್ನ ಹಟ. ಶೆಡ್ಡು ಎರಡು ಪಾರ್ಟಿಯಾಯಿತು. ಸಾಹೇಬರು ಬಯಸಿದಂತೆ ನಿದ್ದೆಯೇನೋ ಹೋಯಿತು, ಆದರೆ ಮನೆಗೆ ಹೋದ ಮೇಲೂ ವಾಪಸು ಬರಲಿಲ್ಲ.

ನೂಲಿನ ಚಾಡಿ

ಒಂದು ಗೂಡಿನ ಎಳೆ ಮುಗಿಯುತ್ತಿದ್ದಂತೆ ಇನ್ನೊಂದರ ಎಳೆ ಸೇರಿಸುತ್ತಿರಬೇಕು. ಮರೆತರೆ ಅಲ್ಲಿ ನೂಲು ತೆಳ್ಳಗಾಗುತ್ತದೆ. ಸ್ಪೀಕರಿನಲ್ಲಿ ಗುಂಡು ಹಾರಿತೆಂದರೆ ನಮ್ಮೆಲ್ಲರ ಕೈ ನೀರಿನಲ್ಲೇ ನಿಲ್ಲುತ್ತಿತ್ತು.

ಒಂದು ಸಂಜೆ ಸಾಹೇಬರು ಸುತ್ತಿದ ನೂಲಿನ ಲಡಿಯನ್ನು ಬೆರಳಲ್ಲಿ ಸವರುತ್ತ ಒಂದು ತೆಳ್ಳನೆಯ ಕಡೆ ನಿಂತರು. ಅವರೂ ಸೀರಿಯಲ್ಲಿನಲ್ಲಿ ಪಳಗಿಬಿಟ್ಟಿದ್ದರು. "ಇಲ್ಲಿ ಮೇಜರ್ ಸಿಕ್ಕಿಬಿದ್ದ, ಅಲ್ವಾ?" ಎಂದು ಕೇಳಿದರು.

ಆಪಾ ಎದ್ದು ಬಂದು ನೂಲು ಮುಟ್ಟಿ ನೋಡಿದರು. "ಅಲ್ಲ ಸಾಹೇಬ್ರೆ, ಇದು ಮಿನಿಸ್ಟರ್ ಮಗಳ ಮದುವೆ. ಅವ್ನು ಸಿಕ್ಕಿಬಿದ್ದಿದ್ದು ಆ ಲಡಿಯಲ್ಲಿ."

ಡಬ್ಬಿ ಆಚೆ ಹೋದದ್ದು

ನನ್ನ ಗಂಡ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡು ಮನೆಯಲ್ಲಿ ಮಲಗಿದಾಗ ನಾನು ಈ ಕೆಲಸಕ್ಕೆ ಬಂದವಳು. ಗೂಡಿನ ಎಳೆಯ ತುದಿ ಎಲ್ಲಿರುತ್ತದೆ ಎಂದೂ ಗೊತ್ತಿರಲಿಲ್ಲ. ಆಪಾ ನನ್ನ ಕೈ ಹಿಡಿದು ಕಲಿಸಿದರು. ಬೊಬ್ಬೆ ಎದ್ದ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿದರು. ಅಂದಿನಿಂದ ಅವರ ಡಬ್ಬಿಯ ಬದನೆಕಾಯಿಯಲ್ಲಿ ಅರ್ಧ ನನಗೆ, ನನ್ನ ಮುದ್ದೆ ಉಪ್ಸಾರಿನಲ್ಲಿ ಅರ್ಧ ಅವರಿಗೆ.

ಅಂಥವರ ಜೊತೆ ಮಾತು ನಿಂತದ್ದು ಆ ಗಡಸು ದನಿಯವನಿಂದ. ಅವನು ಅಣೆಕಟ್ಟಿಗೆ ಬಾಂಬ್ ಇಟ್ಟ ದಿನವೂ ಆಪಾ ಅವನ ಪರ ನಿಂತರು. ನಾನು, "ಯಾರ್ ಏನಂದ್ರೂ ನಂಬ್ಬುಡ್ತೀರಲ್ಲ ಆಪಾ" ಎಂದೆ.

"ಎಲ್ಲರ ಮೇಲೂ ಅನುಮಾನ ಪಡೋರ ಜೊತೆ ನನ್ಗೆ ಊಟ ಇಳಿಯಲ್ಲ ಕಣಮ್ಮ" ಎಂದು ಆಪಾ ಡಬ್ಬಿ ಎತ್ತಿಕೊಂಡು ಶೆಡ್ಡಿನ ಆ ತುದಿಗೆ ಹೋದರು.

ಸೀರಿಯಲ್ಲಿನ ಜಗಳ, ನಾಳೆಗೆ ಸರಿಹೋಗುತ್ತದೆ ಅಂದುಕೊಂಡೆ. ಸರಿಹೋಗಲಿಲ್ಲ. ಪಕ್ಕದಲ್ಲೇ ಕೂತು ಕೆಲಸ, ಆದರೆ ಒಂದು ಮಾತಿಲ್ಲ. ಒಬ್ಬಳೇ ಕೂತು ಅರ್ಧ ಮುದ್ದೆ ತಿಂದು, ಅವರ ಪಾಲಿನ ಅರ್ಧವನ್ನು ಮನೆಗೆ ವಾಪಸು ಒಯ್ಯುತ್ತಿದ್ದೆ. ಆಪಾ ಇಲ್ಲದೆ ಈ ಕೆಲಸ ಬೇಡವೇ ಬೇಡ ಅನ್ನಿಸಿಬಿಟ್ಟಿತ್ತು.

ಈ ನಡುವೆ ಲಾಭವಾದದ್ದು ಟೀ ತರುವವನಿಗೆ. ಚನ್ನಪಟ್ಟಣದ ಭಾಮೈದನ ಮನೆಯಲ್ಲಿ ಮುಂದಿನ ಕತೆಯೆಲ್ಲ ನೋಡಿಬಂದಿದ್ದೇನೆ ಎಂದು ಹೇಳಿಕೊಂಡ. ಕೊನೆಗೆ ಆ ಗೂಢಚಾರ ದ್ರೋಹಿ ಎಂದೇ ಗೊತ್ತಾಗುತ್ತದೆ ಎಂದು ನನ್ನ ಕಿವಿಯಲ್ಲಿ ಹೇಳಿದ. ಖುಷಿಗೆ ಇನ್ನೊಂದು ಟೀ ಕುಡಿದೆ. ಆಮೇಲೆ ನೋಡಿದರೆ ಆಪಾ ಕೂಡ ಖುಷಿಯಾಗಿ ಎರಡನೇ ಟೀ ಕುಡಿಯುತ್ತಿದ್ದಾರೆ. ಟೀಯವನನ್ನು ಹಿಡಿದು ನಿಲ್ಲಿಸಿ ಕೇಳಿದೆ. ಭಾಮೈದನೂ ಇಲ್ಲ, ಕತೆಯೂ ಇಲ್ಲ.

"ನಂಗೆ ಎಲ್ಡು ಕಡೆನೂ ಗಿರಾಕಿ ಬೇಕು ಕಣಕ್ಕ" ಎಂದ.

ಕರೆಂಟ್ ಹೋದದ್ದು

ಕೊನೆಯದು ಕರೆಂಟ್ ಹೋದ ದಿನದ್ದು. ರಾಟೆ ನಿಂತವು, ಸ್ಪೀಕರ್ ಸುಮ್ಮನಾಯಿತು. ಸಾಹೇಬರ ಮೇಜಿನ ಮೇಲೆ ಮೊಬೈಲು ಮಾತ್ರ ಮಾತಾಡುತ್ತಿತ್ತು. ಕತೆ ತಾರಕಕ್ಕೇರಿತ್ತು. ಎಲ್ಲರೂ ಸೆರಗಿಗೆ ಕೈ ಒರೆಸಿಕೊಂಡು ಅತ್ತ ಓಡಿದೆವು. ಸಾಹೇಬರು ಯಾಕೋ ಗಾಬರಿಯಾಗಿ, ಚಾರ್ಜ್ ಇಲ್ಲ ಎನ್ನುತ್ತ ಮೊಬೈಲ್ ಜೇಬಿಗೆ ಹಾಕಿಕೊಳ್ಳಲು ನೋಡಿದರು. ಆಪಾ ಕೈಚಾಚಿ ಕಿತ್ತುಕೊಂಡರು.

ಮೊದಲ ಸಲ ಚಿತ್ರ ನೋಡಿದೆವು. ಅದರಲ್ಲಿ ಒಬ್ಬ ಬೋಳುತಲೆಯವನು, ಒಬ್ಬ ಗಡ್ಡದವನು ಎದುರುಬದುರು ಪಿಸ್ತೂಲು ಹಿಡಿದು ನಿಂತಿದ್ದರು. "ಕರಿನರಿ, ನೀನು ದ್ರೋಹಿ" ಎಂದ ಬೋಳುತಲೆ. "ಮೇಜರ್, ನಿನ್ನ ಕತೆ ಮುಗೀತು" ಎಂದ ಗಡ್ಡ. ಇಬ್ಬರದೂ ಒಂದೇ ಗಡಸು ದನಿ. ಡಬ್ಬಿಂಗಿನಲ್ಲಿ ಇಬ್ಬರಿಗೂ ಒಬ್ಬನೇ ಮಾತಾಡಿದ್ದ.

ಆಪಾ ನಿಧಾನವಾಗಿ ನನ್ನ ಕಡೆ ತಿರುಗಿದರು. ಎಷ್ಟೋ ದಿನದ ಮೇಲೆ ನನ್ನ ಮುಖ ನೋಡಿದ್ದು.

"ಇಬ್ರು ಇದ್ದಾರಾ?"

"ಇಬ್ರು ಅವ್ರೆ ಆಪಾ."

ಇಬ್ಬರೂ ಅಲ್ಲೇ ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು. ಊಟದ ಹೊತ್ತಾಗಿರಲಿಲ್ಲ, ಆದರೂ ಆಪಾ ಡಬ್ಬಿ ತಂದು ಬಿಚ್ಚಿದರು. ನಿನ್ನವನು ಕೆಟ್ಟವನೇ, ನನ್ನವನು ಒಳ್ಳೆಯವನೇ, ಇಬ್ಬರೂ ಗೆದ್ದೆವು ಎಂದು ಬದನೆಕಾಯಿಯ ದೊಡ್ಡ ಹೋಳು ನನಗೆ ಹಾಕಿದರು. ಆ ದಿನ ಕರೆಂಟ್ ತೆಗೆದ ಪುಣ್ಯಾತ್ಮ ಯಾರೋ, ಅವನ ಹೊಟ್ಟೆ ತಣ್ಣಗಿರಲಿ.

ಮೊದಲ ತುತ್ತು ನುಂಗಿದ ಮೇಲೆ ನನಗೆ ಹೊಳೆಯಿತು. ಮೊಬೈಲು ಅಷ್ಟು ದಿನವೂ ಸಾಹೇಬರ ಕಣ್ಣ ಮುಂದೆಯೇ ಇತ್ತಲ್ಲ. ಎಲ್ಲರೂ ಅವರನ್ನು ನೋಡಿದೆವು.

ಸಾಹೇಬರು ಟೋಪಿ ಸರಿಮಾಡಿಕೊಂಡರು. ಮೊದಲ ದಿನವೇ ಗೊತ್ತಿತ್ತಂತೆ. ಹೇಳಿದ್ದರೆ ಮತ್ತೆ ತೂಕಡಿಸುತ್ತಿದ್ದಿರಿ ಎಂದರು. "ಆಮೇಲೆ ನೀವಿಬ್ರೂ ಮಾತು ಬಿಟ್ರಿ ನೋಡಿ, ನೂಲು ಎಷ್ಟು ಚೆನ್ನಾಗಿ ಬರ್ತಾ ಇತ್ತು. ಹೇಳೋಕೆ ಮನಸೇ ಬರ್ಲಿಲ್ಲ."

ಕರೆಂಟ್ ಬಂತು. ನಾವಿಬ್ಬರೂ ಬಾಕಿ ಉಳಿದ ಮಾತನ್ನೆಲ್ಲ ಸಂಜೆಯವರೆಗೆ ಆಡಿದೆವು. ಮನೆಗೆ ಹೊರಡುವ ಹೊತ್ತಿಗೆ ಸಾಹೇಬರು ಲಡಿ ಸವರುತ್ತ, ತೆಳ್ಳಗಾದ ಕಡೆ ನಿಂತು, ಕರೆಂಟ್ ಬಂದ ಮೇಲೆ ಸೀರಿಯಲ್ಲೇ ಇರಲಿಲ್ಲ, ಇಲ್ಲಿ ಯಾರು ಸಿಕ್ಕಿಬಿದ್ದದ್ದು ಎಂದು ಗೊಣಗಿದರು.

ಆಪಾ ಚಪ್ಪಲಿ ಹಾಕಿಕೊಳ್ಳುತ್ತ ತಲೆ ಎತ್ತದೆಯೇ ಹೇಳಿದರು, "ನೀವೇ ಸಾಹೇಬ್ರೆ."