ಅಮ್ಮನ ಎಡಗಣ್ಣು

ಹೊಸದುರ್ಗದಲ್ಲಿ ಅಂಗಡಿ ಬೋರ್ಡು, ಲಾರಿ ನಂಬರು ಬರೆದುಕೊಂಡಿದ್ದ ಹಾಲಸ್ವಾಮಿಗೆ ದೇವರ ಚಿತ್ರದ ಕೆಲಸ ಸಿಕ್ಕಿದ್ದು ಎಪ್ಪತ್ತಮೂರನೇ ಇಸವಿಯಲ್ಲಿ, ಅದೇ ಮೊದಲು. ಅವನ ಬೀದಿಯ ಅಮ್ಮನ ಗುಡಿಗೆ ಹೊಸ ಗೋಡೆ ಎದ್ದಿತ್ತು. ಆಳೆತ್ತರದ ಅಮ್ಮನನ್ನು ಅದರ ಮೇಲೆ ಬರೆದಿದ್ದ. ಉಳಿದದ್ದು ಕಣ್ಣು ಮಾತ್ರ. ಶುಕ್ರವಾರ ಸಂಜೆಯೇ ಮೊದಲ ಮಂಗಳಾರತಿ. ಇದೊಂದು ಚೆನ್ನಾಗಿ ಬಂದರೆ ಸುತ್ತಲ ಹಳ್ಳಿಯವರೂ ಕರೆಯುತ್ತಾರೆಂಬ ಆಸೆಯಿಂದ ಅಂದು ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಬಂದು, ಕರುಣೆ ತುಳುಕುವ ಎರಡು ಕಣ್ಣು ಬರೆದ.

ಪೂಜಾರಿ ಪಾಲಯ್ಯ ನೋಡಿ ಮುಖ ಸಿಂಡರಿಸಿದ. "ಹಿಂಗೆ ನಗ್ತಾ ನಿಂತ್ರೆ ಯಾರು ಹೆದರ್ತಾರಪ್ಪ? ಹರಕೆ ಹೊತ್ತು ಮರೆತೋರು ಈ ಬೀದೀಲೇ ಹದಿನೈದು ಜನ ಅವರೆ. ಅಸುರನ್ನ ಕೊಂದ ತಾಯಿ ಕಣಯ್ಯ ಇವಳು."

ಹಾಲಸ್ವಾಮಿ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಕಣ್ಣು ಹಿಗ್ಗಿಸಿ ಕೆಂಪು ಬಳಿದ. ಅಷ್ಟರಲ್ಲಿ ಎದುರುಮನೆಯ ಗಂಗಕ್ಕ ಮೊಮ್ಮಗಳನ್ನು ಎತ್ತಿಕೊಂಡು ಬಂದಳು. ಮಗು ಕಿಟಾರನೆ ಕಿರುಚಿ ಅಜ್ಜಿಯ ಸೆರಗಿನೊಳಗೆ ತಲೆ ತೂರಿಸಿತು. ಕಷ್ಟ ಹೇಳಿಕೊಳ್ಳಲು ಬರುವ ಹೆಂಗಸರಿಗೆ ಮನೆಯಲ್ಲಿ ಅತ್ತೆಯ ಮುಖ ಸಾಲದೆ ಇಲ್ಲೂ ಅದೇ ಮುಖವೇ ಎಂದು ಗಂಗಕ್ಕ ಕೇಳಿದಳು. ಹೌದೆನಿಸಿ ಹಾಲಸ್ವಾಮಿ ಮತ್ತೆ ಕರುಣೆ ಬರೆದ. ಪಾಲಯ್ಯ ಒಪ್ಪಲಿಲ್ಲ, ಹಾಲಸ್ವಾಮಿ ಮತ್ತೆ ಕೋಪ ಬರೆದ. ಮೂರು ಗಂಟೆಯ ಹೊತ್ತಿಗೆ ಬೀದಿ ಎರಡು ಪಕ್ಷವಾಗಿತ್ತು.

ರೊಟ್ಟಿ ಗಂಟು ತಂದ ಹೆಂಡತಿ ಕಾಳಕ್ಕ ಎಲ್ಲ ಕೇಳಿಸಿಕೊಂಡು ಹೇಳಿದಳು: "ಹೆತ್ತೋಳು ಹೊಡೆಯೋದೂ ಐತೆ, ಹೊಡೆದ ಕೈಯಾಗೇ ಉಣ್ಣಾಕಿಕ್ಕೋದೂ ಐತೆ. ಎರಡೂ ಬರೀರಿ."

ಹಾಲಸ್ವಾಮಿ ಬಲಗಣ್ಣಿಗೆ ಕರುಣೆ, ಎಡಗಣ್ಣಿಗೆ ಕೋಪ ತುಂಬಿದ. ಪಾಲಯ್ಯ ಕೈಮುಗಿದ. ಗಂಗಕ್ಕ ಕಣ್ಣೊರೆಸಿಕೊಂಡಳು. ಹಾಲಸ್ವಾಮಿ ಅಂದು ಮೊದಲ ಸಲ ಹೊರಗೆ ಹೋಗಿ ನೆಮ್ಮದಿಯಾಗಿ ಒಂದು ಬೀಡಿ ಹಚ್ಚಿದ.

ಸಂಜೆ ಬೀದಿಗೆ ಬೀದಿಯೇ ಬಂತು. ಬಂದವರೆಲ್ಲ ಬಲಗಣ್ಣಿನ ಕಡೆಯೇ ಒತ್ತಿಕೊಂಡು ನಿಂತರು. ಎಡಗಣ್ಣಿನೆದುರು ನೆಲ ಖಾಲಿ. ಅಮ್ಮನ ಒಂದು ಪಾರ್ಶ್ವಕ್ಕೆ ಭಕ್ತರೇ ಇಲ್ಲದಿದ್ದರೆ ಆರತಿ ಎತ್ತುವುದು ಹೇಗೆಂದು ಪಾಲಯ್ಯ ಅಂಗಲಾಚಿದ. ಅವನೂ ನಿಂತಿದ್ದು ಬಲಕ್ಕೇ. ಒಬ್ಬರೂ ಕದಲಲಿಲ್ಲ. ಕೊನೆಗೆ ಎಲ್ಲರೂ ತಿರುಗಿ ಹಾಲಸ್ವಾಮಿಯನ್ನು ನೋಡಿದರು.

"ಬರೆದೋನು ನೀನೇ ಅಲ್ವೇನಪ್ಪ, ನಿನಗೇನು ಭಯ?" ಎಂದ ಪಾಲಯ್ಯ.

ಹಾಲಸ್ವಾಮಿ ಹೆಂಡತಿಯನ್ನು ಹುಡುಕಿದ. ಅವಳು ಗಂಗಕ್ಕನ ಪಕ್ಕ, ಬಲಗಣ್ಣಿಗೆ ನೇರವಾಗಿ, ಮುಂದಿನ ಸಾಲಿನಲ್ಲೇ ಜಾಗ ಹಿಡಿದಿದ್ದಳು. "ಹೋಗ್ರಿ, ಪ್ರಸಾದ ನಾನೇ ತಂದ್ಕೊಡ್ತೀನಿ," ಎಂದಳು ಅಕ್ಕರೆಯಿಂದ.

ಹಾಲಸ್ವಾಮಿ ಒಬ್ಬನೇ ಹೋಗಿ ಎಡಕ್ಕೆ ನಿಂತ. ಗಂಟೆ ಮೊಳಗಿತು, ಆರತಿಯ ಬೆಳಕು ಗೋಡೆಯ ಮೇಲೆ ಬಿತ್ತು. ಕೋಪ ಬಲು ಚೆನ್ನಾಗಿ ಬಂದಿತ್ತು. ಅವನಿಗೆ ತಲೆಯೆತ್ತಿ ನೋಡುವ ಧೈರ್ಯವಾಗಲಿಲ್ಲ.