ಆರು ಗೇರಿನ ಸೈಕಲ್ಲು ಮತ್ತು ಹಂಸಭಾವಿಯ ಕನ್ಯೆ

ನನ್ನ ಸೈಕಲ್ಲಿಗೆ ಬೇರೆಯವರ ಕೈ ತಾಗದ ದಿನ ನನ್ನ ನೌಕರಿಯಲ್ಲಿ ಒಂದೂ ಇರಲಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ. ನಗುವವರು ನಗಲಿ, ನಾನಂತೂ ನಗುವುದಿಲ್ಲ.

ನಾಲ್ಕು ತಾಲೂಕು

ಆಗಿನ್ನೂ ಇಂಗ್ಲಿಷರ ರಾಜ್ಯ. ಊರೂರು ತಿರುಗಿ ಮಕ್ಕಳಿಗೆ ಸಿಡುಬಿನ ಚುಚ್ಚುಮದ್ದು ಹಾಕುವುದು ನನ್ನ ಕೆಲಸ. ನನ್ನ ಸೈಕಲ್ಲಿನ ಹಿಂದಿನ ಗಾಲಿಯ ನಡುವಿನ ಡಬ್ಬಿಯೊಳಗೇ ಮೂರು ಗೇರು ಇದ್ದವು, ಓಡುವಾಗ ಟಿಕಿಟಿಕಿ ಅನ್ನುತ್ತಿದ್ದವು. ಮುಂಬಯಿಯಲ್ಲಿದ್ದ ಭಾವ ಅಷ್ಟಕ್ಕೆ ಸುಮ್ಮನಿರಲಿಲ್ಲ. ಅದರ ಹೊರಮೈಗೆ ಸಣ್ಣದೊಂದು, ದೊಡ್ಡದೊಂದು ಹಲ್ಲಿನ ಚಕ್ರ ಕೂಡಿಸಿ, ಚೈನನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುವ ಸ್ಪ್ರಿಂಗಿನ ತೋಳೂ ಹಚ್ಚಿಸಿಕೊಟ್ಟ. ಒಳಗೆ ಮೂರು, ಹೊರಗೆ ಎರಡು. ಹೊರಗಿನ ಒಂದೊಂದಕ್ಕೂ ಒಳಗಿನ ಮೂರು, ಹೀಗೆ ಆರು ಗೇರು. ಎಂಥ ಏರು ಬಂದರೂ ಇಳಿಯುವ ಮಾತಿಲ್ಲ.

ಹೆಮ್ಮೆಯಿಂದ ಸಾಹೇಬರಿಗೆ ತೋರಿಸಿದೆ. ಉಳಿದವರಿಗೆ ತಲೆಗೊಂದು ತಾಲೂಕು. ನನಗೆ ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ ನಾಲ್ಕೂ ಬಂದವು. ಇದು ಅನ್ಯಾಯವೆಂದು ಜಗಳಕ್ಕೆ ಹೋದರೆ ಅವರು, "ಇನ್ನೂ ಎರಡು ಗೇರು ಖಾಲಿ ಅದಾವಲ್ಲೋ" ಅಂದರು.

ಆಡೂರಿನ ಮರ್ಯಾದೆ

ಹಂಸಭಾವಿಯಲ್ಲಿ ನನಗೊಂದು ಕನ್ಯೆ ಗೊತ್ತುಮಾಡಿದ್ದರು. ಹಿಂದೆ ಒಮ್ಮೆ ದೂರದಿಂದ ಕಂಡಿದ್ದೆ, ಮನಸ್ಸು ಅಲ್ಲೇ ನಿಂತಿತ್ತು. ನೋಡಲು ಹೋಗಬೇಕಾದ ದಿನವೇ ಆಡೂರಲ್ಲಿ ಕೆಲಸ. ಮುಗಿಸಿ ಗೌಡರ ಮನೆಯಲ್ಲಿ ಊಟಕ್ಕೆ ಕೂತೆ.

ದೊಡ್ಡ ಚಕ್ರಕ್ಕೂ ಸಾಲಬೇಕೆಂದು ನನ್ನ ಚೈನು ತುಸು ಉದ್ದ. ಸಣ್ಣ ಚಕ್ರದ ಮೇಲಿದ್ದಾಗ ತೋಳಿನ ಜೊತೆ ಕೆಳಗೆ ಜೋತಿರುತ್ತಿತ್ತು. ಅದು ಗೌಡರ ಕಣ್ಣಿಗೆ ಬಿತ್ತು. ನಾನು ಉಂಡು ಏಳುವುದರೊಳಗೆ ಒಂದಿಷ್ಟು ಕೊಂಡಿ ತೆಗೆಸಿ ಚೈನು ಬಿಗಿ ಮಾಡಿಸಿದ್ದರು. ಊರ ಹೊರಗಿನ ಏರಿನಲ್ಲಿ ದೊಡ್ಡ ಚಕ್ರಕ್ಕೆ ಹಾಕಿದೆ. ಚೈನು ಸಾಲದೆ ಜಗ್ಗಿ, ತೋಳು ಲಟಕ್ಕನೆ ಮುರಿಯಿತು.

ತಳ್ಳಿಕೊಂಡು ತಿರುಗಿ ಬಂದು ಕೂಗಾಡಿದೆ. ಗೌಡರು ಶಾಂತವಾಗಿ, "ನಮ್ಮ ಮನಿಗೆ ಬಂದವ್ರು ಜೋತುಬಿದ್ದ ಚೈನ್ ತಗೊಂಡು ಹೋದ್ರ ಊರಾಗ ನಾವು ಹೆಂಗ ಮುಖ ತೋರ್ಸೂಣ್ರಿ?" ಎಂದು ಕೇಳಿ, ಇನ್ನೊಂದು ರೊಟ್ಟಿ ಹಾಕಿಸಿದರು.

ಹತ್ತಿಮತ್ತೂರಿನ ಉಪಕಾರ

ತೋಳು ರಿಪೇರಿಯಾಯಿತು, ಕನ್ಯೆ ನೋಡಲು ಇನ್ನೊಂದು ದಿನ ಗೊತ್ತಾಯಿತು. ಆ ದಿನ ಬೆಳಗ್ಗೆ ಹತ್ತಿಮತ್ತೂರಲ್ಲಿ ಒಬ್ಬರ ಮನೆಯಲ್ಲಿ ತಂಗಿದ್ದೆ. ನಮ್ಮ ಕಡೆ ಮನೆಗೆ ಬಂದ ಬೀಗರ, ನೆಂಟರ ಬಂಡಿ ಹೊರಡುವ ಮುಂಚೆ ಗಾಲಿಗೆ ಕೀಲೆಣ್ಣೆ ಹಾಕಿ ಕಳಿಸುವುದು ಪದ್ಧತಿ. ನನ್ನ ಹತ್ತಿರ ಬಂಡಿ ಇರಲಿಲ್ಲ. ಆದರೂ ಮನೆಯ ಯಜಮಾನರು ಬಿಡಲಿಲ್ಲ. ಡಬ್ಬಿಯ ಮೇಲಿನ ಸಣ್ಣ ತೂತು ಹುಡುಕಿ, ಆ ಕಪ್ಪು ಕೀಲೆಣ್ಣೆಯನ್ನೇ ಒತ್ತಿ ತುಂಬಿದ್ದರು. ಒಳಗಿನದೆಲ್ಲ ಅಂಟಿ ಕೂತಿತು. ಪೆಡಲ್ಲು ಗರಗರ ತಿರುಗುತ್ತದೆ, ಗಾಲಿ ಅಲುಗುವುದಿಲ್ಲ. ಆರಕ್ಕೆ ಆರೂ ಗೇರು ಸತ್ತವು.

ನಾನು ಹರಿಹಾಯ್ದೆ. ಯಜಮಾನರು ಗಾಲಿಗೆ ಕಿವಿಗೊಟ್ಟು, "ಆದ್ರ ಟಿಕಿಟಿಕಿ ಸಪ್ಪಳ ನಿಂತೇತಿ ನೋಡ್ರಿ" ಅಂದರು.

ಹಂಸಭಾವಿಯ ಪಡಸಾಲೆ

ಮೂರನೆಯ ಸಲವೂ ತಪ್ಪಿದರೆ ಬೇರೆ ವರನಿಗೆ ಮಾತು ಕೊಡುತ್ತೇವೆಂದು ಹುಡುಗಿಯ ಮನೆಯವರು ಹೇಳಿಕಳಿಸಿದರು. ಡಬ್ಬಿ ಬಿಚ್ಚಿ ತೊಳೆಸಿಕೊಂಡು, ಗೊತ್ತಾದ ದಿನ ದಾರಿಯಲ್ಲಿ ಯಾರ ಮನೆಯ ನೀರೂ ಮುಟ್ಟದೆ ಹಂಸಭಾವಿ ಸೇರಿದೆ. ಸೈಕಲ್ಲನ್ನು ಪಡಸಾಲೆಯೊಳಗೇ ತಂದು ಮಗ್ಗುಲಲ್ಲಿ ನಿಲ್ಲಿಸಿಕೊಂಡೆ. ಹುಡುಗಿ ಅವಲಕ್ಕಿ ತಂದಳು. ನನ್ನ ಕಣ್ಣು ಸೈಕಲ್ಲಿನ ಮೇಲೆ. ಹಾಡು ಹೇಳಿದಳು, ಕಣ್ಣು ಅಲ್ಲೇ. ಅವಳ ಅಪ್ಪ ಕೆಮ್ಮಿ, ತಾವು ನೋಡಲು ಬಂದದ್ದು ಯಾವುದನ್ನು ಎಂದು ಕೇಳಿದರು. ನಾಚಿಕೆಯಾಗಿ ಹುಡುಗಿಯ ಕಡೆ ತಿರುಗಿದೆ. ತಿರುಗಿದವನು ಮತ್ತೆ ಈಚೆ ನೋಡಲಿಲ್ಲ. ಅಷ್ಟು ಚಂದ ಇದ್ದಳು.

ಒಪ್ಪಿಗೆಯಾಗಿ ಹೊರಟೆ. ಮನೆಮಂದಿಯೆಲ್ಲ ಬಾಗಿಲಿಗೆ ಬಂದರು. ಕಟ್ಟೆಗೆ ಕೈಯೂರಿ ಸೀಟು ಹತ್ತಿ ತುಳಿದೆ. ಗರಗರ. ಗೇರು ಬದಲಿಸಿ ತುಳಿದೆ. ಮತ್ತೆ ಗರಗರ. ನಾನು ಹುಡುಗಿಯನ್ನು ನೋಡುತ್ತಿದ್ದ ಹೊತ್ತಿನಲ್ಲೇ ಅವಳ ಅಜ್ಜಿ ಕೆಲಸ ಮುಗಿಸಿದ್ದಳು. ಕೈಗೆ ಮೆತ್ತಿದ ಕೀಲೆಣ್ಣೆ ಒರೆಸಿಕೊಳ್ಳುತ್ತ, ಅಳಿಯ ಆಗುವವನನ್ನು ಒಣಗಿದ ಗಾಲಿಯಲ್ಲಿ ಕಳಿಸುವುದುಂಟೆ ಅಂದಳು.

ಸಿಟ್ಟು ನೆತ್ತಿಗೇರಿತು. ಹೊಸ ಬೀಗರೆಂಬುದನ್ನೂ ಮರೆತು, ತುಳಿಯುತ್ತಲೇ ಕೂಗಾಡಿದೆ. ಆಗ ಬಾಗಿಲ ಮರೆಯಿಂದ ಹುಡುಗಿ ಮೆಲ್ಲಗೆ, "ಸಾಕ್ ಬಿಡ್ರಿ, ಎಷ್ಟ ತುಳದ್ರೂ ಅಲ್ಲೇ ಅದೀರಿ" ಅಂದಳು.

ಮದುವೆಯಾಯಿತು. ಸೈಕಲ್ಲು ಎಂದೋ ಗುಜರಿಗೆ ಹೋಯಿತು. ಆದರೆ ಇಂದಿಗೂ ನಾನು ಸಿಟ್ಟಿಗೆದ್ದು ಮನೆಯಲ್ಲಿ ಕೂಗಾಡಿದರೆ, ಅವಳು ಜೋಳ ಹಸನು ಮಾಡುತ್ತ, ತಲೆ ಎತ್ತದೆ ಕೇಳುತ್ತಾಳೆ:

"ಕೀಲೆಣ್ಣಿ ತರ್ಲೇನ್ರಿ?"